ಕ್ಲಸ್ಟರ್ ತಲೆನೋವಿಗೆ ಆಕ್ಸಿಜನ್ ತರಿಸುವವರೇ, 5 ಲೀಟರ್ ಮಷೀನು ತಂದರೆ ಬಾಗಿಲಲ್ಲೇ ವಾಪಸ್ ಕಳಿಸಿ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಕ್ಲಸ್ಟರ್ ತಲೆನೋವಿಗೆ, ಅಂದರೆ ಒಂದೇ ಕಡೆ ಕಣ್ಣಿನ ಸುತ್ತ ಅಟ್ಯಾಕಾಗಿ ಬರುವ ಭಯಂಕರ ನೋವಿಗೆ, ಡಾಕ್ಟರು ಆಕ್ಸಿಜನ್ ಬರೆದುಕೊಟ್ಟಿದ್ದರೆ ಬೇಕಾಗುವುದು ಮೂರು: ಸಿಲಿಂಡರು, ನಿಮಿಷಕ್ಕೆ 15 ಲೀಟರ್ ಬಿಡುವ ರೆಗ್ಯುಲೇಟರು, ಕೆಳಗೆ ಚೀಲ ತೂಗುವ ನಾನ್-ರೀಬ್ರೀದರ್ ಮಾಸ್ಕು (ಬಿಟ್ಟ ಉಸಿರು ಚೀಲಕ್ಕೆ ವಾಪಸ್ ಹೋಗದಂಥದ್ದು). ಮೂರೂ ಬೇಕು. ಬಾಡಿಗೆಗೆ ಕೊಡುವವರು "ಅದಕ್ಕಿಂತ ಇದು ಒಳ್ಳೇದು" ಅಂತ ಗಾಳಿಯಿಂದ ಆಕ್ಸಿಜನ್ ತೆಗೆಯುವ ಕರೆಂಟಿನ ಮಷೀನನ್ನೂ (ನಿಮಿಷಕ್ಕೆ 5 ಲೀಟರ್ ಕೊಡುವ ಕಾನ್ಸಂಟ್ರೇಟರು) ಮೂಗಿಗೆ ಸಿಕ್ಕಿಸುವ ನಳಿಕೆಯನ್ನೂ ತಂದರೆ ಒಳಗೇ ಬಿಟ್ಟುಕೊಳ್ಳಬೇಡಿ. ನಾನು ಬಿಟ್ಟುಕೊಂಡೆ. ಮನೆಯಲ್ಲಿದ್ದ ರೋಗಿಗೆ ಬರೆದ ಡಾಕ್ಟರ ಚೀಟಿ ಕೈಯಲ್ಲಿತ್ತು, ಈ ಕಾಯಿಲೆ ಏನು ಅಂತಲೂ ಚೆನ್ನಾಗಿ ಗೊತ್ತಿತ್ತು, ಆದರೂ ಬಿಟ್ಟುಕೊಂಡೆ. ಬರೆಯಲು ನಾಚಿಕೆಯಾಗುತ್ತಿದೆ, ಆದರೆ ಇನ್ನೊಬ್ಬರ ಮನೆಯಲ್ಲಿ ಇದೇ ಆಗಬಾರದು.

ಚೀಟಿಯಲ್ಲಿ ಇದ್ದದ್ದು ಇಷ್ಟು: 100% ಆಕ್ಸಿಜನ್, ನಿಮಿಷಕ್ಕೆ 12ರಿಂದ 15 ಲೀಟರ್, ನಾನ್-ರೀಬ್ರೀದರ್ ಮಾಸ್ಕ್, ಅಟ್ಯಾಕ್ ಶುರುವಾದ ಕೂಡಲೇ 15ರಿಂದ 20 ನಿಮಿಷ. ಫೋಟೋ ತೆಗೆದು ಬಾಡಿಗೆಯವರಿಗೆ ಕಳಿಸಿದೆ. ಐದು ನಿಮಿಷದಲ್ಲಿ ಫೋನು ಬಂತು. "ಸರ್, ಸಿಲಿಂಡರ್ ಎಲ್ಲಾ ಹಳೇ ಪದ್ಧತಿ. ಖಾಲಿ ಆಗ್ತಾ ಇರುತ್ತೆ, ಹೊರಬೇಕು, ತುಂಬಿಸಬೇಕು. ಮಷೀನ್ ತಗೊಳ್ಳಿ, ಗಾಳಿಯಿಂದಲೇ ಆಕ್ಸಿಜನ್ ಮಾಡುತ್ತೆ, ಮುಗಿಯೋ ಮಾತೇ ಇಲ್ಲ." ನಾನು ಕೇಳಿದೆ, 15 ಲೀಟರ್ ಬರುತ್ತಾ? "ಆರಾಮಾಗಿ ಬರುತ್ತೆ." ಈ ಎರಡು ಪದ ನೆನಪಿಟ್ಟುಕೊಳ್ಳಿ, ಆರಾಮಾಗಿ ಬರುತ್ತೆ. ಬರಹದಲ್ಲಿ ಕೊಡಿ ಅಂತ ಕೇಳಬೇಕಿತ್ತು. ಕೇಳಲಿಲ್ಲ.

ಮಷೀನು ಬಂತು. ಹಿಂದೆ ಅಂಟಿಸಿದ ಚೀಟಿಯಲ್ಲೇ ಬರೆದಿತ್ತು, ನಿಮಿಷಕ್ಕೆ 5 ಲೀಟರ್, ಶುದ್ಧತೆ 93%, ಅದರಿಂದ 3% ಮೇಲೆ ಅಥವಾ ಕೆಳಗೆ. ಮುಂದಿನ ಗಾಜಿನ ಕೊಳವೆಯಲ್ಲಿ ಗುಂಡು ಏರುವ ಅಳತೆ 5ಕ್ಕೇ ಮುಗಿಯುತ್ತಿತ್ತು. ನಾನು ಅದನ್ನು ತೋರಿಸಿ ಕೇಳುವಷ್ಟರಲ್ಲಿ ತಂದವರು ಜೇಬಿನಿಂದ ಬೆರಳಿಗೆ ಹಾಕುವ ಆಕ್ಸಿಮೀಟರ್ ತೆಗೆದರು. ರೋಗಿಯ ಬೆರಳಿಗೆ ಸಿಕ್ಕಿಸಿದರು, 97. ಮೂಗಿಗೆ ನಳಿಕೆ ಹಾಕಿ ಮಷೀನು ಹಚ್ಚಿದರು. ಸ್ವಲ್ಪ ಹೊತ್ತಿಗೆ 99. "ನೋಡಿ ಸರ್, ಏರ್ತಾ ಇದೆ. ಇದಕ್ಕಿಂತ ಇನ್ನೇನು ಬೇಕು?" ನಾನು ತಲೆಯಾಡಿಸಿ ಸಹಿ ಹಾಕಿದೆ.

ಮೋಸ ಹೋದದ್ದು ಅಲ್ಲಿ, ಆ ಬೆರಳಿನ ಕ್ಲಿಪ್ಪಿನ ಮುಂದೆ. ಕ್ಲಸ್ಟರ್ ತಲೆನೋವಿನವರ ರಕ್ತದಲ್ಲಿ ಆಕ್ಸಿಜನ್ ಕಡಿಮೆ ಇರುವುದೇ ಇಲ್ಲ. ಅಟ್ಯಾಕಿನ ನಡುವೆಯೂ ಆಕ್ಸಿಮೀಟರ್ ಸಾಮಾನ್ಯವಾಗಿ 96, 97, 98 ಅಂತಲೇ ತೋರಿಸುತ್ತದೆ. 97 ಇದ್ದದ್ದು 99 ಆದರೆ ಈ ನೋವಿಗೆ ಅದರಿಂದ ಏನೂ ಆಗುವುದಿಲ್ಲ. ಇಲ್ಲಿ ಆಕ್ಸಿಜನ್ ಕೊಡುವುದು ಕೊರತೆ ತುಂಬಲಿಕ್ಕಲ್ಲ. ಮುಖದ ಟ್ರೈಜೆಮಿನಲ್ ನರವೂ ಕಣ್ಣು ಮೂಗಿನಲ್ಲಿ ನೀರು ಸುರಿಸುವ ನರಗಳೂ ಒಟ್ಟಿಗೆ ಕೆರಳಿರುತ್ತವೆ. ಪೂರ್ಣ ಸಾಂದ್ರತೆಯ ಆಕ್ಸಿಜನ್ನು ರಭಸವಾಗಿ ಒಳಗೆ ಹೋದಾಗ ಆ ಕೆರಳಿಕೆ ಇಳಿಯುತ್ತದೆ. ಅಂದರೆ ಇದು ಔಷಧಿ, ಔಷಧಿಗೆ ಡೋಸು ಇರುತ್ತದೆ. 2009ರಲ್ಲಿ ಪ್ರಕಟವಾದ, ಎಲ್ಲ ನರರೋಗ ತಜ್ಞರಿಗೂ ಗೊತ್ತಿರುವ ಪ್ರಯೋಗದಲ್ಲಿ ಮಾಸ್ಕಿನಲ್ಲಿ ನಿಮಿಷಕ್ಕೆ 12 ಲೀಟರಿನಂತೆ 15 ನಿಮಿಷ ಕೊಟ್ಟಾಗ 78% ಅಟ್ಯಾಕುಗಳಲ್ಲಿ ನೋವು ನಿಂತಿತ್ತು ಅಥವಾ ಸಾಕಷ್ಟು ತಗ್ಗಿತ್ತು. ಬರೀ ಗಾಳಿ ಕೊಟ್ಟಾಗ 20%. ಡೋಸು ಅರ್ಧಕ್ಕಿಂತ ಕಡಿಮೆ ಮಾಡಿ, ಸಾಂದ್ರತೆಯನ್ನೂ ಕೆಡಿಸಿ ಕೊಟ್ಟರೆ ಅದೇ ಫಲ ಎಲ್ಲಿಂದ ಬರಬೇಕು?

ಮೂಗಿನ ನಳಿಕೆಯ ಲೆಕ್ಕ ಕೇಳಿ. ನಾವು ಉಸಿರೆಳೆಯುವ ಕ್ಷಣದಲ್ಲಿ ಗಾಳಿ ನುಗ್ಗುವ ವೇಗ ನಿಮಿಷಕ್ಕೆ 30 ಲೀಟರಿಗೂ ಮೇಲೆ ಹೋಗುತ್ತದೆ. ನಳಿಕೆ ಕೊಡುವುದು 5. ಮಿಕ್ಕಿದ್ದನ್ನೆಲ್ಲ ದೇಹ ಕೋಣೆಯ ಗಾಳಿಯಿಂದ ಎಳೆದುಕೊಳ್ಳುತ್ತದೆ, ಅದರಲ್ಲಿರುವುದು 21%. ಎರಡೂ ಬೆರೆತು ಶ್ವಾಸಕೋಶಕ್ಕೆ ತಲುಪುವುದು ಹತ್ತಿರ ಹತ್ತಿರ 40%. ಅದರ ಮೇಲೆ ಇನ್ನೊಂದು. ಈ ಕಾಯಿಲೆಯಲ್ಲಿ ನೋವಿರುವ ಕಡೆಯ ಮೂಗೇ ಕಟ್ಟಿಕೊಳ್ಳುತ್ತದೆ, ಸುರಿಯುತ್ತದೆ. ಕಟ್ಟಿದ ಮೂಗಿಗೆ ನಳಿಕೆ! ಕಾಯಿಲೆ ಏನು ಅಂತ ಒಂದು ಸಲ ಕೇಳಿದ್ದರೂ ಅದನ್ನು ಕೊಡುತ್ತಿರಲಿಲ್ಲ.

ಅಟ್ಯಾಕು ರಾತ್ರಿ ಬಂತು, ನಿದ್ದೆ ಹತ್ತಿ ಒಂದೂವರೆ ಗಂಟೆಗೆ. ಅನುಭವಿಸಿದವರಿಗೆ ಹೇಳಬೇಕಿಲ್ಲ, ಮಲಗಲಾಗದು, ಕೂರಲಾಗದು, ಗೋಡೆಯಿಂದ ಗೋಡೆಗೆ ನಡೆಯಬೇಕು. ಕಾನ್ಸಂಟ್ರೇಟರು ಹಚ್ಚಿದ ಕೂಡಲೇ ಪೂರ್ತಿ ಶುದ್ಧತೆಗೆ ಬರುವುದೂ ಇಲ್ಲ, ಕೆಲವು ನಿಮಿಷ ಓಡಬೇಕು. ಅಷ್ಟರಲ್ಲಿ ನೋವು ತುದಿ ಮುಟ್ಟಿರುತ್ತದೆ. 20 ನಿಮಿಷ ಆಯಿತು, 30 ಆಯಿತು, ಏನೂ ಇಲ್ಲ. ಬೆಳಿಗ್ಗೆ ಫೋನು ಮಾಡಿದರೆ ಬಂದ ಉತ್ತರ: "ಅರ್ಧ ಗಂಟೆ ಸಾಕಾಗಲ್ಲ ಸರ್, ಒಂದು ಗಂಟೆ ಹಾಕ್ಕೊಳ್ಳಿ. ಎಷ್ಟು ಹೊತ್ತಿಗೆ ಕಡಿಮೆ ಆಯ್ತು?" ಒಂದು ಗಂಟೆ ಹತ್ತು ನಿಮಿಷ ಅಂದೆ. "ಮತ್ತೆ? ಕೆಲಸ ಮಾಡಿದೆ ಅಲ್ವಾ?"

ಒಂದು ಕ್ಷಣ ನನಗೂ ಹೌದೇನೋ ಅನಿಸಿತು. ಇದನ್ನು ದಯವಿಟ್ಟು ಗಮನಿಸಿ. ಏನೂ ಮಾಡದಿದ್ದರೂ ಕ್ಲಸ್ಟರ್ ಅಟ್ಯಾಕು 15 ನಿಮಿಷದಿಂದ 3 ಗಂಟೆಯೊಳಗೆ ತಾನಾಗಿ ನಿಲ್ಲುತ್ತದೆ. ಒಂದು ಗಂಟೆ ಯಾವ ಮಷೀನಿನ ಮುಂದೆ ಕೂತರೂ ನೋವು ಇಳಿದಂತೆ ಕಾಣಬಹುದು. ಆಕ್ಸಿಜನ್ ಕೆಲಸ ಮಾಡಿತು ಅನ್ನಬೇಕಾದರೆ 15, ಹೆಚ್ಚೆಂದರೆ 20 ನಿಮಿಷದಲ್ಲಿ ಇಳಿಯಬೇಕು. ಗಡಿಯಾರ ನೋಡಿ ಬರೆದಿಡಿ.

ಜಗಳವಾಡಿದ ಮೇಲೆ ಮಾಸ್ಕು ಕಳಿಸಿದರು. ನಾನ್-ರೀಬ್ರೀದರೇ, ಸರಿ. ಆದರೆ ಅದನ್ನು ಹಾಕಬೇಕಾದದ್ದು ಅದೇ 5 ಲೀಟರ್ ಮಷೀನಿಗೆ. ಆ ಮಾಸ್ಕಿನ ಚೀಲ ಸುಮಾರು ಒಂದು ಲೀಟರು ಹಿಡಿಯುತ್ತದೆ, ಪ್ರತಿ ಉಸಿರಿಗೂ ಅದು ಮತ್ತೆ ತುಂಬಬೇಕು. 5 ಲೀಟರಿನಲ್ಲಿ ತುಂಬುವುದಿಲ್ಲ. ಎರಡನೇ ಉಸಿರಿಗೇ ಚೀಲ ಚಪ್ಪಟೆಯಾಗಿ ಅಂಟಿಕೊಂಡಿತು, ಉಸಿರು ಕಟ್ಟಿದಂತಾಗಿ ರೋಗಿ ಮಾಸ್ಕು ಕಿತ್ತೆಸೆದರು. ಇದಕ್ಕೆ ಅವರ ಉತ್ತರ, "ಮಾಸ್ಕ್ ಸೈಜ್ ಸರಿ ಇಲ್ಲ ಅನ್ಸುತ್ತೆ ಸರ್." ಸೈಜಿನ ಮಾತೇ ಅಲ್ಲ ಅದು, ಫ್ಲೋ ಸಾಲದು. ಉಸಿರೆಳೆದಾಗ ಚೀಲ ಸ್ವಲ್ಪ ಕುಗ್ಗಬೇಕು, ಪೂರ್ತಿ ಬತ್ತಬಾರದು. ಬತ್ತಿದರೆ ಫ್ಲೋ ಏರಿಸಬೇಕು. 15ರಲ್ಲೂ ಬತ್ತುವವರಿಗೆ 25 ಲೀಟರ್ ರೆಗ್ಯುಲೇಟರು ಬೇಕಾಗಬಹುದು.

ಆಮೇಲೆ ಸಿಲಿಂಡರು ಕಳಿಸುತ್ತೇವೆ ಅಂದರು. ಬಂದದ್ದು ಕಂಕುಳಲ್ಲಿ ಹಿಡಿಯುವಂಥ ಪುಟ್ಟದು, ನೀರಿನ ಅಳತೆ (ನೀರು ತುಂಬಿದರೆ ಹಿಡಿಯುವಷ್ಟು) 1.7 ಲೀಟರು, ಒತ್ತಡದ ಗೇಜಿನ ಮುಳ್ಳು 100 ಬಾರ್‌ನಲ್ಲಿ. ಲೆಕ್ಕ ಸುಲಭ, ನಾನೇ ಮಾಡಬೇಕಿತ್ತು: ಸಿಲಿಂಡರಿನ ನೀರಿನ ಅಳತೆಯನ್ನು ಗೇಜಿನ ಬಾರ್ ಸಂಖ್ಯೆಯಿಂದ ಗುಣಿಸಿದರೆ ಒಳಗಿರುವ ಆಕ್ಸಿಜನ್ ಎಷ್ಟು ಲೀಟರ್ ಅಂತ ಬರುತ್ತದೆ. 1.7 ಇಂಟು 100, ಅಂದರೆ 170 ಲೀಟರು. ನಿಮಿಷಕ್ಕೆ 15ರಂತೆ 11 ನಿಮಿಷ. ಒಂದು ಅಟ್ಯಾಕಿಗೂ ಸಾಲದು. ನೋವು ಇಳಿಯಲು ಶುರುವಾಗಿತ್ತು, ನಿಜವಾಗಿಯೂ ಶುರುವಾಗಿತ್ತು, ಆಗಲೇ ಮುಳ್ಳು ಸೊನ್ನೆಗೆ ಬಂತು. ಅರ್ಧಕ್ಕೆ ನಿಲ್ಲಿಸಿದರೆ ಈ ನೋವು ತಿರುಗಿ ಬರುತ್ತದೆ. ಬಂತು. 10 ಲೀಟರ್ ನೀರಿನ ಅಳತೆಯ ಸಿಲಿಂಡರು 150 ಬಾರ್ ತುಂಬಿದ್ದರೆ 1500 ಲೀಟರು, ಒಂದು ಅಟ್ಯಾಕಿಗೆ 300 ಅಂದರೂ ಐದು ಅಟ್ಯಾಕು. ದಿನಕ್ಕೆ ಎಂಟು ಸಲದವರೆಗೂ ಬರಬಹುದಾದ ಕಾಯಿಲೆ ಇದು. ಮನೆಗೆ ದೊಡ್ಡದೊಂದು, ಹೊರಗೆ ಒಯ್ಯಲು ಚಿಕ್ಕದೊಂದು ಇರಬೇಕು, ಚಿಕ್ಕದೊಂದನ್ನೇ ಕೊಟ್ಟು ಸಿಲಿಂಡರ್ ಕೊಟ್ಟೆವು ಅನ್ನುವುದು ಯಾವ ನ್ಯಾಯ? ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿ ಆಕ್ಸಿಜನ್ನಿನ ಮಾತಂತೂ ಬಿಡಿ. ಹತ್ತು ಲೀಟರು ಇದ್ದರೂ ಒಂದು ನಿಮಿಷಕ್ಕಾಗದು.

ಸಿಲಿಂಡರಿನ ಜೊತೆ ನೀರು ತುಂಬುವ ಬಾಟಲಿಯನ್ನೂ ಸಿಕ್ಕಿಸಿ ಕಳಿಸಿದ್ದರು. 15-20 ನಿಮಿಷದ ಬಳಕೆಗೆ ಅದು ಬೇಡ. ಅದು ಕಡಿಮೆ ಫ್ಲೋಗೆ ಮಾಡಿದ್ದು. 15ಕ್ಕೆ ಏರಿಸಿದರೆ ಒಳಗಿನ ಒತ್ತಡದ ವಾಲ್ವು ಶಿಳ್ಳೆ ಹೊಡೆದು ಆಕ್ಸಿಜನ್ ಹೊರಗೆ ಹೋಗಬಹುದು. ತೆಗೆದು ಟ್ಯೂಬನ್ನು ನೇರ ರೆಗ್ಯುಲೇಟರಿಗೇ ಹಾಕಿ. ಮಾಸ್ಕಿನ ಎರಡು ಪಕ್ಕದ ತೂತುಗಳನ್ನೂ ನೋಡಿ. ಸಾಮಾನ್ಯವಾಗಿ ಒಂದಕ್ಕೆ ಮಾತ್ರ ರಬ್ಬರ್ ಬಿಲ್ಲೆ ಇರುತ್ತದೆ, ಇನ್ನೊಂದು ತೆರೆದೇ ಇರುತ್ತದೆ, ಅಲ್ಲಿಂದ ಕೋಣೆಯ ಗಾಳಿ ನುಗ್ಗುತ್ತದೆ. ತೆರೆದ ತೂತನ್ನು ಬೆರಳಿನಿಂದ ಮುಚ್ಚಿ, ಮಾಸ್ಕನ್ನು ಪಟ್ಟಿಯಿಂದ ಬಿಗಿಯದೆ ಕೈಯಲ್ಲೇ ಮುಖಕ್ಕೆ ಒತ್ತಿ ಹಿಡಿಯಬೇಕು, ಆಕ್ಸಿಜನ್ ಮುಗಿದರೆ ಕೂಡಲೇ ತೆಗೆಯಲು ಬರುವಂತೆ. ರೆಗ್ಯುಲೇಟರು ಕೂರುವಲ್ಲಿ ವಾಷರ್ ಇಲ್ಲದಿದ್ದರೆ ಬುಸ್ ಅಂತ ಸೋರುತ್ತದೆ. ನಮಗೆ ಬಂದದ್ದರಲ್ಲಿ ಇರಲಿಲ್ಲ. ಸೋರುತ್ತಿದೆ ಅಂತ ಎಣ್ಣೆ, ಗ್ರೀಸು ಹಚ್ಚಲೇಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ.

ಸರಿಯಾಗಿ ಬಳಸುವುದು ಹೀಗೆ. ಕಣ್ಣಿನ ಹಿಂದೆ ಮೊದಲ ಚುಚ್ಚು ಕಂಡಾಗಲೇ ಶುರು ಮಾಡಿ, ನೋಡೋಣ ಅಂತ ಕಾಯಬೇಡಿ. ಕೂತು ಸ್ವಲ್ಪ ಮುಂದೆ ಬಾಗಿ. ಚೀಲ ಮೊದಲೇ ತುಂಬಿರಲಿ. ಆಳವಾಗಿ ಎಳೆದು, ಪೂರ್ತಿ ಬಿಡಿ. ನೋವು ನಿಂತ ಮೇಲೂ ಐದು ನಿಮಿಷ ಮುಂದುವರಿಸಿ. ಹತ್ತಿರ ಸಿಗರೇಟು, ಒಲೆ, ದೀಪ ಇರಕೂಡದು. ಸಿಲಿಂಡರನ್ನು ಬೀಳದಂತೆ ಕಟ್ಟಿ ನಿಲ್ಲಿಸಿ. ಶ್ವಾಸಕೋಶದ ಹಳೇ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಸಿಲಿಂಡರು ಬರುವವರೆಗೆ ನೋವಿನ ಮಾತ್ರೆ ನುಂಗುತ್ತಾ ಕೂರಬೇಡಿ, ಮಾತ್ರೆ ಹೊಟ್ಟೆಯಲ್ಲಿ ಕರಗುವ ಹೊತ್ತಿಗೆ ಬಹಳ ಸಲ ಅಟ್ಯಾಕೇ ಮುಗಿದಿರುತ್ತದೆ. ಚರ್ಮದಡಿ ಕೊಡುವ 6 ಮಿಲಿಗ್ರಾಂ ಸುಮಟ್ರಿಪ್ಟಾನ್ ಇಂಜೆಕ್ಷನ್ ಬಗ್ಗೆ ಡಾಕ್ಟರನ್ನು ಕೇಳಿ. 24 ಗಂಟೆಯಲ್ಲಿ ಎರಡಕ್ಕಿಂತ ಹೆಚ್ಚಿಲ್ಲ, ಹೃದಯದ ಕಾಯಿಲೆ ಇದ್ದವರಿಗೆ ಕೂಡದು. ಅಟ್ಯಾಕು ಬರದಂತೆ ತಡೆಯಲು ವೆರಾಪಮಿಲ್ ಬರೆದರೆ ಶುರುವಿಗೆ ಮೊದಲೂ ಡೋಸು ಏರಿಸಿದಾಗಲೆಲ್ಲ ಇಸಿಜಿ ಆಗಬೇಕು. ಅಟ್ಯಾಕುಗಳ ಕಾಲದಲ್ಲಿ ಹೆಂಡ ಒಂದು ಗುಟುಕೂ ಬೇಡ.

ಇನ್ನು ಆ ಬಾಡಿಗೆಯವರ ಕೊನೆಯ ಮಾತು. ಠೇವಣಿ ವಾಪಸ್ ಕೇಳಿದ್ದಕ್ಕೆ ಹೇಳಿದರು: "ನಾವು ಮಷೀನೂ ಕೊಟ್ವಿ, ಮಾಸ್ಕೂ ಕೊಟ್ವಿ, ಸಿಲಿಂಡರೂ ಕೊಟ್ವಿ. ನಿಮ್ಮ ಪೇಷೆಂಟ್‌ಗೆ ಆಕ್ಸಿಜನ್ ಸೂಟ್ ಆಗಲ್ಲ ಅಷ್ಟೇ ಸರ್." ಹಣಕ್ಕಿಂತ ಈ ಮಾತಿಗೆ ನನ್ನ ಸಿಟ್ಟು. ಎಷ್ಟು ಜನ ಇದನ್ನೇ ಕೇಳಿ, ತಮಗೆ ಆಕ್ಸಿಜನ್ ಹಿಡಿಸುವುದಿಲ್ಲ ಅಂತ ನಂಬಿ, ಡಾಕ್ಟರಿಗೂ ಹಾಗೇ ಹೇಳಿ ಬಿಟ್ಟುಬಿಟ್ಟಿರಬಹುದು? ಬೇರೆಯವರಿಂದ 10 ಲೀಟರಿನ ಸಿಲಿಂಡರು, 15ರ ರೆಗ್ಯುಲೇಟರು ತರಿಸಿದ ಮೇಲೆ ಮೊದಲ ಅಟ್ಯಾಕು 12 ನಿಮಿಷದಲ್ಲಿ ನಿಂತಿತು. ಅದೇ ರೋಗಿ, ಅದೇ ಮಾಸ್ಕು.

ಹಾಗಾಗಿ ಒಪ್ಪುವ ಮೊದಲು ಇಷ್ಟನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ, ಫೋನಿನ ಮಾತು ಬೇಡ: ಸಿಲಿಂಡರಿನ ನೀರಿನ ಅಳತೆ ಎಷ್ಟು, ಬರುವಾಗ ಗೇಜು ಎಷ್ಟು ತೋರಿಸಬೇಕು, ರೆಗ್ಯುಲೇಟರಿನ ಗರಿಷ್ಠ ಫ್ಲೋ ಎಷ್ಟು, ಮಾಸ್ಕು ಯಾವುದು, ಹೇಳಿದ್ದು ಬರದಿದ್ದರೆ ಠೇವಣಿ ಪೂರ್ತಿ ವಾಪಸ್. ತಂದವರು ಆಕ್ಸಿಮೀಟರ್ ತೆಗೆದರೆ ಒಳಗಿಡಿ ಅನ್ನಿ, 15ಕ್ಕೆ ತಿರುಗಿಸಿ ಚೀಲ ತುಂಬಿ ತೋರಿಸಲು ಹೇಳಿ.

ಆ 5 ಲೀಟರ್ ಮಷೀನು ಇನ್ನೂ ನಮ್ಮ ಮನೆಯ ಮೂಲೆಯಲ್ಲೇ ಇದೆ. ಬಂದು ಒಯ್ಯಿರಿ ಅಂತ ನಾಲ್ಕು ಸಲ ಬರೆದಿದ್ದೇನೆ. ವಾಪಸ್ ತಲುಪಿಸದಿದ್ದರೆ ಮುಂದಿನ ತಿಂಗಳ ಬಾಡಿಗೆ ಠೇವಣಿಯಲ್ಲೇ ಮುರಿದುಕೊಳ್ಳುತ್ತೇವೆ ಅಂತ ನಿನ್ನೆ ಉತ್ತರ ಬಂದಿದೆ.