22.2 ಇಂಚಾ, 24 ಇಂಚಾ? ಎರಡೂ ಶಾರ್ಟ್ ಸ್ಕೇಲ್ ಗಿಟಾರ್ ನುಡಿಸಿ ನೋಡಿದ್ಮೇಲೆ

ಸ್ಕೇಲ್ ಅಂದ್ರೆ ಗಿಟಾರ್‌ನ ನಟ್‌ನಿಂದ (ಕತ್ತಿನ ತುದೀಲಿ ತಂತಿ ಕೂರೋ ಗಾಡಿ ಕೊರೆದ ಪಟ್ಟಿ) ಬ್ರಿಡ್ಜ್‌ವರೆಗೆ ತಂತಿ ನುಡಿಯೋ ಉದ್ದ. ಕೈ ಚಿಕ್ಕದಿರೋರು 25.5 ಇಂಚಿನ ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಬಿಟ್ಟು ಶಾರ್ಟ್ ಸ್ಕೇಲ್ ತಗೊಳೋದು ಸರಿ, ಆದ್ರೆ ಎಷ್ಟು ಶಾರ್ಟ್ ಅನ್ನೋದ್ರಲ್ಲೇ ಎಲ್ಲಾ ಇರೋದು. ಐಬನೆಜ್ ಮೈಕ್ರೋ 22.2 ಇಂಚು, ಫೆಂಡರ್‌ನದೇ ಬ್ರ್ಯಾಂಡ್ ಸ್ಕ್ವಾಯರ್‌ನ ಮಸ್ಟ್ಯಾಂಗ್ ಎಚ್‌ಎಚ್ 24 ಇಂಚು. ಎರಡನ್ನೂ ಮನೇಲಿ ಇಟ್ಕೊಂಡು, ಒಂದೇ ಆಂಪ್‌ಗೆ ಹಾಕಿ, ಒಂದೇ ಬ್ರ್ಯಾಂಡ್ ತಂತಿ ಕಟ್ಟಿ ನುಡಿಸಿ ನೋಡ್ದೆ.

ಮೊದ್ಲು ಬೆರಳಿನ ವಿಷ್ಯ. ನಟ್‌ನಿಂದ ನಾಲ್ಕನೇ ಫ್ರೆಟ್‌ವರೆಗೆ (ಫ್ರೆಟ್ ಅಂದ್ರೆ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಸ್ಟ್ರಾಟಲ್ಲಿ ಸುಮಾರು 134 ಮಿಮೀ, ಮಸ್ಟ್ಯಾಂಗಲ್ಲಿ 126, ಮೈಕ್ರೋದಲ್ಲಿ 116. ಕಿರುಬೆರಳಿಗೆ 8 ಮಿಮೀ ಉಳಿದ್ರೇ ಎಷ್ಟು ಆರಾಮ ಅಂತ ನುಡಿಸಿದೋರಿಗೆ ಗೊತ್ತು, ಮೈಕ್ರೋದಲ್ಲಂತೂ ಒಂದೇ ಬೆರಳಲ್ಲಿ ಎಲ್ಲಾ ತಂತಿ ಒತ್ತೋ ಎಫ್ ಬಾರೆ ಕಾರ್ಡ್ ತಾನಾಗೇ ಬಂದ್ಬಿಡುತ್ತೆ. ಆದ್ರೆ ಮೇಲಕ್ಕೆ ಹೋಗಿ ನೋಡಿ, ಅದ್ರಲ್ಲಿ 24 ಫ್ರೆಟ್ ಇದಾವೆ, ಕೊನೇ ಎರಡು ಫ್ರೆಟ್ ಮಧ್ಯ 8 ಮಿಮೀ ಚಿಲ್ರೆ ಅಷ್ಟೇ ಜಾಗ, ಬೆರಳ ತುದಿನೇ ಅದಕ್ಕಿಂತ ಅಗಲ. ಮಸ್ಟ್ಯಾಂಗಲ್ಲಿ 22 ಫ್ರೆಟ್, ಕೊನೇದ್ರಲ್ಲೂ 10 ಮಿಮೀ ಸಿಗುತ್ತೆ.

ನಿಜವಾದ ವ್ಯತ್ಯಾಸ ತಂತಿ ಬಿಗಿಯಲ್ಲಿ. ಸ್ಕೇಲ್ ಕಮ್ಮಿ ಆದ್ರೆ ಬಿಗಿ ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತೆ, ಅಂದ್ರೆ ಅದೇ ತಂತಿಗೆ ಸ್ಟ್ರಾಟ್‌ಗಿಂತ ಮಸ್ಟ್ಯಾಂಗಲ್ಲಿ 11% ಕಮ್ಮಿ, ಮೈಕ್ರೋದಲ್ಲಿ 24% ಕಮ್ಮಿ. 9-42 ಸೆಟ್ (ತೆಳು ತಂತಿಯಿಂದ ದಪ್ಪ ತಂತಿವರೆಗಿನ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ಹಾಕಿದ ಮೈಕ್ರೋದಲ್ಲಿ ಶ್ರುತಿ ನೋಡೋ ಟ್ಯೂನರ್ ಹಸಿರು ತೋರಿಸ್ತಿದ್ರೂ ಕಾರ್ಡ್ ಅಪಸ್ವರ, ಯಾಕಂದ್ರೆ ಸ್ವಲ್ಪ ಜೋರಾಗಿ ಒತ್ತಿದ್ರೂ ದಪ್ಪ ತಂತಿ ಶಾರ್ಪ್ ಆಗುತ್ತೆ. ನಂಗೆ ಇದು ಚೆನ್ನಾಗಿ ಗೊತ್ತಾಗಿದ್ದು ತೋಡಿ ರಾಗ ನುಡಿಸುವಾಗ, ಗಾಂಧಾರ ತೂಗೋಕೆ ತಂತಿ ಪಕ್ಕಕ್ಕೆ ತಳ್ತೀವಲ್ಲ, ಶಾರ್ಟ್ ಸ್ಕೇಲಲ್ಲಿ ಕಮ್ಮಿ ದೂರ ತಳ್ಳಿದ್ರೂ ಸ್ವರ ಜಾಸ್ತಿ ಏರುತ್ತೆ, ಮಧ್ಯಮ ದಾಟಿ ಹೋಗ್ಬಿಡುತ್ತೆ. ದಪ್ಪ ತಂತಿ ಹಾಕಿದ್ರೆ ಆ ದೂರ ಬದಲಾಗಲ್ಲ, ಆದ್ರೆ ತಂತಿ ಬೆರಳಿಗೆ ಎದುರು ಒತ್ತುತ್ತೆ, ಆ ಒತ್ತಡದಲ್ಲೇ ಹಿಡಿತ ಬರೋದು. ಮಸ್ಟ್ಯಾಂಗ್‌ಗೆ 10-46 ಹಾಕಿದ ತಕ್ಷಣ ಗಮಕ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಲ್ತು, ಎಷ್ಟ್ ಖುಷಿ ಆಯ್ತು ಅಂದ್ರೆ ಅವತ್ತು ರಾತ್ರಿ ಗಿಟಾರ್ ಕೆಳಗಿಡೋಕೆ ಮನಸ್ಸೇ ಬರ್ಲಿಲ್ಲ. ಮೈಕ್ರೋಗೆ 11ರಿಂದ ಶುರುವಾಗೋ ಸೆಟ್ ಹಾಕಿದ್ರೆ ಪರವಾಗಿಲ್ಲ, ದಪ್ಪ ತಂತಿಯನ್ನ ಇ ಇಂದ ಡಿ ಗೆ ಇಳಿಸೋ ಡ್ರಾಪ್ ಡಿ ಮಾತ್ರ ಅದ್ರಲ್ಲಿ ಬೇಡ.

ಅಪ್‌ಗ್ರೇಡ್ ಅಂದ ಕೂಡ್ಲೇ ಎಲ್ರೂ ಪಿಕಪ್‌ಗೆ (ತಂತಿಯ ಕಂಪನ ಹಿಡಿದು ಆಂಪ್‌ಗೆ ಕಳಿಸೋ ಆಯಸ್ಕಾಂತದ ಭಾಗ) ದುಡ್ಡು ಸುರೀತಾರೆ. ದಯವಿಟ್ಟು ಮೊದ್ಲು ತಂತಿ, ಆಮೇಲೆ ನಟ್. ತೆಳು ತಂತಿಗೆ ಕೊರೆದ ನಟ್‌ನಲ್ಲಿ ದಪ್ಪ ತಂತಿ ಸಿಕ್ಕಾಕೊಳುತ್ತೆ, ಟ್ಯೂನ್ ಮಾಡುವಾಗ ಟಿಂಗ್ ಅಂತ ಸದ್ದು ಬರುತ್ತೆ, ಬೆಂಡ್ ಬಿಟ್ಟಾಗ ಸ್ವರ ಕೆಳಗೇ ಉಳ್ಕೊಂಡ್ಬಿಡುತ್ತೆ. ಜನ ತಂತಿ ತಿರುಗಿಸೋ ಕೀಲಿ ಸರಿ ಇಲ್ಲ ಅಂತ ಅದನ್ನೇ ಬದಲಾಯಿಸ್ತಾರೆ. ರಿಪೇರಿಯೋರ ಹತ್ರ ನಟ್‌ನ ಸೀಳು ಅಗಲ ಮಾಡಿಸಿ, ಕತ್ತು ಬಾಗದಂತೆ ಹಿಡಿಯೋ ಟ್ರಸ್ ರಾಡ್ ನೋಡಿಸಿ, ಬ್ರಿಡ್ಜ್ ಮೇಲೆ ತಂತಿ ಕೂರೋ ಸ್ಯಾಡಲ್ ಹಿಂದಕ್ಕೆ ಸರಿಸಿ ಇಂಟೊನೇಶನ್ (ಎಲ್ಲಾ ಫ್ರೆಟಲ್ಲೂ ಸ್ವರ ಸರಿ ಬರೋ ಹಾಗೆ) ಮಾಡಿಸಿ, ಇಷ್ಟಕ್ಕೇ ಗಿಟಾರ್ ಬೇರೇನೇ ಆಗುತ್ತೆ. ಬ್ರಿಡ್ಜ್ ಹತ್ರದ ಹಂಬಕರ್ (ಎರಡು ಸುರುಳಿಯ ಪಿಕಪ್) ತೆಗ್ದು ಆಲ್ನಿಕೋ 5 ಆಯಸ್ಕಾಂತದ್ದು ಒಂದು ಹಾಕಿಸ್ದೆ, ಕ್ಲೀನ್ ಟೋನ್ ಬಿಡಿಬಿಡಿಯಾಗಿ ಕೇಳುತ್ತೆ ನಿಜ, ಆಂಪ್ ಗೇನ್ ಏರಿಸಿ ಸದ್ದು ಒರಟು ಮಾಡಿದ್ರೆ ಅಷ್ಟೇನೂ ಗೊತ್ತಾಗಲ್ಲ. ಸ್ಟ್ರಾಟ್‌ನ ಆ ಗರಿಗರಿ ಸದ್ದು ಯಾವ ಪಿಕಪ್ ಹಾಕಿದ್ರೂ ಪೂರ್ತಿ ಬರಲ್ಲ, ಅದ್ರಲ್ಲಿ ಉದ್ದ ತಂತಿಯ ಪಾಲೂ ಇದೆ.

ಇದು ಮಕ್ಕಳ ಗಿಟಾರ್ ಅನ್ನೋರಿಗೆ ಒಂದು ಮಾತು. ಫೆಂಡರ್ 1964ರಲ್ಲಿ ಮಸ್ಟ್ಯಾಂಗ್ ತಂದಿದ್ದು ಕಲಿಯೋರಿಗೇ, ಆದ್ರೆ ನಿರ್ವಾಣ ಬ್ಯಾಂಡಿನ ಕರ್ಟ್ ಕೊಬೇನ್ ಅದನ್ನೇ ಹಿಡ್ಕೊಂಡು ಸ್ಟೇಜ್ ಹತ್ತಿದ್ದ.

ಹತ್ತು ವರ್ಷದೊಳಗಿನ ಮಗೂಗೆ, ಇಲ್ಲಾ ಬಸ್ಸಲ್ಲಿ ಊರಿಗೆ ಒಯ್ಯೋಕೆ ಮೈಕ್ರೋ ತಗೊಳಿ. ದೊಡ್ಡೋರಾಗಿ ಬರೀ ಕೈ ಚಿಕ್ಕದಿದ್ರೆ 24 ಇಂಚೇ ಸಾಕು, 10-46 ಹಾಕಿಸ್ಕೊಳಿ, ಪಿಕಪ್ ದುಡ್ಡು ಆರು ತಿಂಗಳು ಹಾಗೇ ಇಟ್ಕೊಳಿ.