ನಲ್ಲಿ ನೀರು ಐದು ದಿನಕ್ಕೊಮ್ಮೆ, ಬದನೆಗೆ ನೀರು ದಿನಾಲೂ: ಸೆಲ್ಫ್ ವಾಟರಿಂಗ್ ಪೆಟ್ಟಿಗೆ ಹೇಗಿದೆ?

ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ನಲ್ಲಿ ಬರುವುದು ನಾಲ್ಕೈದು ದಿನಕ್ಕೊಮ್ಮೆ. ಏಪ್ರಿಲ್ ಬಿಸಿಲಿಗೆ ಮಾಳಿಗೆ ಮೇಲಿನ ಹತ್ತಿಂಚಿನ ಕುಂಡ ಬೆಳಿಗ್ಗೆ ನೀರುಂಡು ಸಂಜೆಗೆ ಬಾಯಿ ಬಿಟ್ಟಿರುತ್ತದೆ. ಹೊಟ್ಟೆಯಲ್ಲೇ ನೀರಿಟ್ಟುಕೊಳ್ಳುವ ಪೆಟ್ಟಿಗೆ ಈ ಊರಿಗೆ ಹೇಳಿ ಮಾಡಿಸಿದ್ದು ಅನ್ನಿಸುವುದು ಸಹಜ. ಪೆಟ್ಟಿಗೆ ಒಳ್ಳೆಯದೇ, ಆದರೆ ತಂದ ಹಾಗೇ ಮಣ್ಣು ತುಂಬಿ ಸಸಿ ಊರಿದರೆ ಕೈಕೊಡುತ್ತದೆ. ಒಂದು ಹೊಸ ತೂತು, ಒಂದು ಬತ್ತಿ, ಮಣ್ಣಿನ ಹದ ಇಷ್ಟು ಸರಿಮಾಡಿಕೊಂಡ ಮೇಲಷ್ಟೇ ಕೊಟ್ಟ ದುಡ್ಡು ದಕ್ಕುತ್ತದೆ.

ಇಲ್ಲಿ ನೋಡಿದ್ದು 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ಪ್ಲಾಸ್ಟಿಕ್ ಪೆಟ್ಟಿಗೆ. ಇದೇ ಅಚ್ಚಿನ ಮಾಲು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ, ಬೆಲೆ ಸಾವಿರದ ಮೇಲೆ. ತಳದಲ್ಲಿ ಸುಮಾರು 9 ಲೀಟರ್ ನೀರಿನ ಟಾಕಿ, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯಿಂದ ನೀರಿಗೆ ಇಳಿದ ಎರಡು ಕಾಲು, ಮೂಲೆಯಲ್ಲಿ ನೀರು ಹಾಕುವ ಕೊಳವೆ, ಪಕ್ಕದಲ್ಲಿ ಹೆಚ್ಚಾದ ನೀರು ಹೊರಹೋಗುವ ತೂತು. ಕಾಲುಗಳಲ್ಲಿ ತುಂಬಿದ ಮಣ್ಣು ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಮೋಟರ್ ಇಲ್ಲ, ಕೆಡುವ ಯಂತ್ರ ಯಾವುದೂ ಇಲ್ಲ.

ಮೊದಲ ದೋಷ ಆ ಹೊರತೂತಿನದು. ಅದು ತಟ್ಟೆಯ ಮಟ್ಟಕ್ಕೇ ಇದೆ. ನೀರು ಪೂರ್ತಿ ತುಂಬಿದಾಗ ತಟ್ಟೆಗೂ ನೀರಿಗೂ ನಡುವೆ ಗಾಳಿಗೆ ಜಾಗವೇ ಉಳಿಯುವುದಿಲ್ಲ, ತುದಿಬೇರು ಉಸಿರುಗಟ್ಟಿ ಕಂದಾಗುತ್ತದೆ. ಗಿಡ ಬಾಡಿದ್ದನ್ನು ಕಂಡು ಮತ್ತಷ್ಟು ನೀರು ಹಾಕುತ್ತೇವೆ, ಅಲ್ಲಿಗೆ ಅದರ ಕಥೆ ಮುಗಿಯಿತು. ಹಳೆಯ ತೂತಿಗಿಂತ ಒಂದೂವರೆ ಸೆಂ.ಮೀ. ಕೆಳಗೆ 6 ಎಂ.ಎಂ. ಡ್ರಿಲ್ ಬಿಟ್ಟಿನಿಂದ ಹೊಸ ತೂತು ಕೊರೆಯಿರಿ. ಇದರಿಂದ ಎರಡೂವರೆ ಲೀಟರ್ ಜಾಗ ಹೋಗಿ ಆರೂವರೆ ಲೀಟರ್ ಉಳಿಯುತ್ತದೆ. ಆದರೂ ಗಾಳಿಯೇ ಮುಖ್ಯ.

ಎರಡನೆಯ ದೋಷ ಕಾಲುಗಳದು. 60 ಸೆಂ.ಮೀ. ಪೆಟ್ಟಿಗೆಗೆ ಎರಡೇ ಕಾಲು, ಅವೂ ಎರಡು ತುದಿಗೆ. ನಡುವೆ ಬೆರಳು ತೂರಿಸಿದರೆ ಮಣ್ಣು ಒಣ ಒಣ. ತಟ್ಟೆಯ ನಡುವೆ ನಾಲ್ಕು ಬೆರಳಗಲದ ಪಾಲಿಸ್ಟರ್ ಫೆಲ್ಟ್ ಪಟ್ಟಿಯೊಂದನ್ನು ಇಳಿಬಿಟ್ಟು, ಮೇಲಿನ ತುದಿಯನ್ನು ತಟ್ಟೆಯ ಮೇಲೆ ಹರಡಿ. ಹಳೆಯ ಪಂಚೆ ಹರಿದು ಬತ್ತಿ ಮಾಡುವ ಆಸೆ ಬೇಡ. ಹತ್ತಿ ಬಟ್ಟೆ ಕೆಲವೇ ತಿಂಗಳಲ್ಲಿ ಕೊಳೆತು ತುಂಡಾಗುತ್ತದೆ, ಅದೂ ಗಿಡ ಕಾಯಿ ಹಿಡಿಯುವ ಹೊತ್ತಿಗೆ.

ಮಣ್ಣಿನ ವಿಷಯಕ್ಕೆ ಬಂದರೆ, ಹುಬ್ಬಳ್ಳಿ ಕಡೆಯ ಯರೆ (ಕಪ್ಪು) ಮಣ್ಣನ್ನು ಈ ಪೆಟ್ಟಿಗೆಯ ಹತ್ತಿರವೂ ತರಬೇಡಿ. ಹೊಲದಲ್ಲಿ ಅದು ಬಂಗಾರ, ಇಲ್ಲಿ ಕೆಸರು. ನೀರುಂಡು ಉಬ್ಬಿ ಗಾಳಿಯ ಕಂಡಿಗಳನ್ನೆಲ್ಲ ಮುಚ್ಚಿ, ಹದಿನೈದು ದಿನದಲ್ಲಿ ಗಟಾರದ ವಾಸನೆ ಹೊಡೆಯುತ್ತದೆ. ಧಾರವಾಡದ ಮಸಾರಿ (ಕೆಂಪು) ಮಣ್ಣೂ ಒಂದು ಬೊಗಸೆಗಿಂತ ಹೆಚ್ಚು ಬೇಡ. ಒಂದು ಪೆಟ್ಟಿಗೆಗೆ ನೆನೆಸಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) 20 ಲೀಟರ್, ಎರೆಗೊಬ್ಬರ 10 ಲೀಟರ್, ಪರ್ಲೈಟ್ (ಹಗುರಾದ ಬಿಳಿ ಹರಳು) ಅಥವಾ ಭತ್ತದ ಹೊಟ್ಟು 6 ಲೀಟರ್, ಬೇವಿನ ಹಿಂಡಿ 200 ಗ್ರಾಂ. ಕೊಕೊಪೀಟ್ ಇಟ್ಟಿಗೆಯನ್ನು ಮೂರು ನೀರಿನಲ್ಲಿ ತೊಳೆಯಲೇಬೇಕು, ಅದರಲ್ಲಿ ಉಪ್ಪಿರುತ್ತದೆ. ಮೊದಲ ನೀರು ಕಡು ಚಹಾದ ಬಣ್ಣಕ್ಕೆ ಬರುತ್ತದೆ, ಮೂರನೆಯದು ತಿಳಿಯಾದರೆ ಸಾಕು. ಮಿಶ್ರಣವನ್ನು ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಕಾಲುಗಳಿಗೆ ಮಾತ್ರ ಇದನ್ನೇ ಚೆನ್ನಾಗಿ ಒತ್ತಿ ಒತ್ತಿ ತುಂಬಿ, ಅಲ್ಲಿ ಪೊಳ್ಳು ಉಳಿದರೆ ನೀರು ಮೇಲೇರುವುದಿಲ್ಲ. ಉಳಿದದ್ದನ್ನು ಹಗುರವಾಗಿ ಸುರಿದು ಒಮ್ಮೆ ಮೇಲಿನಿಂದ ಪೂರ್ತಿ ತೋಯಿಸಿ. ಮಿಶ್ರಣ ಒಣಗಿದ್ದರೆ ಕೆಳಗಿನ ನೀರು ಸರಿಯಾಗಿ ಮೇಲೇರುವುದಿಲ್ಲ. ‘ನೀರು ಹಾಕಿದರೂ ಗಿಡ ಒಣಗಿತು’ ಅನ್ನುವ ದೂರಿಗೆ ಇದೂ ಒಂದು ಕಾರಣ.

ಜೀವಾಮೃತ, ಮಜ್ಜಿಗೆ ನೀರು, ಹಿಂಡಿ ನೆನೆಸಿದ ನೀರು ಇವು ಯಾವುದನ್ನೂ ಕೊಳವೆಗೆ ಸುರಿಯಬಾರದು. ಕತ್ತಲೆಯಲ್ಲಿ ನಿಂತ ನೀರಿನಲ್ಲಿ ಅದು ಹುಳಿತು ನಾರುತ್ತದೆ, ಮೂಗು ಮುಚ್ಚಿಕೊಂಡು ಪೆಟ್ಟಿಗೆ ಬರಿದು ಮಾಡಬೇಕಾಗುತ್ತದೆ. ಗೊಬ್ಬರವೆಲ್ಲ ಮೇಲ್ಮಣ್ಣಿಗೇ. ಬೋರ್ ನೀರು ಬಳಸುವವರಿಗೆ ಇನ್ನೊಂದು ತಾಪತ್ರಯ: ನೀರು ಕೆಳಗಿನಿಂದ ಮೇಲೆ ಬಂದು ಆರುತ್ತದೆ, ಅದರ ಉಪ್ಪು ಮೇಲ್ಪದರದಲ್ಲೇ ಬಿಳಿ ಪೊರೆಯಾಗಿ ಕೂರುತ್ತದೆ. ತಿಂಗಳಿಗೊಮ್ಮೆ ಆ ಪೊರೆ ಕೆರೆದು ತೆಗೆಯಿರಿ. ಜೂನ್ ಮಳೆ ಹಿಡಿದಾಗ ಎರಡು ದಿನ ಬಯಲಿಗಿಟ್ಟರೆ ಉಳಿದ ಉಪ್ಪು ತೊಳೆದುಹೋಗುತ್ತದೆ. ಜುಲೈ ತಿಂಗಳ ಧಾರವಾಡದ ಜಿಟಿಜಿಟಿಯಲ್ಲಿ ಕೊಳವೆಗೆ ನೀರು ಹಾಕುವ ಕೆಲಸವೇ ಇಲ್ಲ. ಹೊರತೂತಿಗೆ ಬೇರು ಕಟ್ಟಿಕೊಂಡಿದೆಯೋ ನೋಡಿ ಕಡ್ಡಿ ಆಡಿಸಿದರೆ ಮುಗಿಯಿತು.

ಸೊಳ್ಳೆಯ ಮಾತು ಹೇಳದೆ ಬಿಡುವಂತಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ನೀರೇ ಬೇಕು, ಬೇಸಿಗೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಈ ಪೆಟ್ಟಿಗೆಯ ಕೊಳವೆಗೆ ಮುಚ್ಚಳವನ್ನೇ ಕೊಟ್ಟಿಲ್ಲ. ಸಾವಿರ ರೂಪಾಯಿ ಮಾಲಿಗೆ ಎರಡು ರೂಪಾಯಿಯ ಬಿರಡೆ ಇಲ್ಲ ಎಂದರೆ ಏನು ಹೇಳುವುದು! ಕೊಳವೆಗೆ ಪಿವಿಸಿ ಮುಚ್ಚಳ, ಹಳೆಯ, ಹೊಸ ಎರಡೂ ಹೊರತೂತಿಗೆ ಒಳಗಡೆಯಿಂದ ನೈಲಾನ್ ಜಾಲರಿ ಹಚ್ಚಿದ ಮೇಲೇ ನೀರು ತುಂಬಿ.

ಇನ್ನು ಐದು ದಿನದ ಲೆಕ್ಕ. ಕಾಯಿ ಹಿಡಿದ ಎರಡು ಬದನೆ ಗಿಡ ಏಪ್ರಿಲ್‌ನಲ್ಲಿ ದಿನಕ್ಕೆ ಎರಡು ಲೀಟರ್ ಸಲೀಸಾಗಿ ಕುಡಿಯುತ್ತವೆ, ಆರೂವರೆ ಲೀಟರ್ ಮೂರು ದಿನಕ್ಕೆ ಖಾಲಿ. ಬೇಸಿಗೆಗೆ ಪೆಟ್ಟಿಗೆಗೊಂದೇ ಗಿಡ ಇಟ್ಟು, ಮೇಲೆ ಕಬ್ಬಿನ ರವದಿ (ಒಣಗಿದ ಎಲೆ) ಹೊದಿಸಿ, ಬಿಸಿಲಿನ ಬದಿಗೆ ಗೋಣಿಚೀಲ ಸುತ್ತಿದರೆ ಐದು ದಿನ ತಲುಪುತ್ತದೆ. ಚಳಿಗಾಲದಲ್ಲಿ ಎರಡು ಗಿಡಕ್ಕೂ ವಾರ ನಡೆಯುತ್ತದೆ.

ಬೆಳೆಗಳಲ್ಲಿ ಬದನೆಗೆ ಪೂರ್ಣ ಅಂಕ. ಟೊಮೆಟೊಕ್ಕೂ ಒಳ್ಳೆಯದು, ಒಮ್ಮೆ ಒಣಗಿ ಒಮ್ಮೆ ತೋಯ್ದಾಗ ಕಾಯಿಯ ಬುಡ ಕಪ್ಪಾಗುವ ಕಾಟ ಇಲ್ಲಿ ಕಡಿಮೆ. ಆದರೆ ಹಣ್ಣು ಬಣ್ಣಕ್ಕೆ ತಿರುಗಿದ ಮೇಲೆ ಟಾಕಿ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಸಾರು ಸಪ್ಪೆಯಾಗುತ್ತದೆ. ಮೆಂತ್ಯ, ರಾಜಗಿರಿ ಬಿತ್ತುವವರಿಗೆ ಪೆಟ್ಟಿಗೆ ಸೋಮಾರಿತನ ಕಲಿಸುವುದಿಲ್ಲ: ಕೆಳಗಿನ ತೇವ ಮೇಲಿನ ಒಂದಿಂಚಿಗೆ ಸರಿಯಾಗಿ ತಲುಪದು, ಮೊಳೆತು ಬೇರಿಳಿಯುವವರೆಗೆ ಮೊದಲ ಹತ್ತು ದಿನ ಮೇಲಿನಿಂದ ಚಿಮುಕಿಸಲೇಬೇಕು. ಹಾಗೆ ಬಂದ ಎಳೆ ಮೆಂತ್ಯವನ್ನು ಬೇಯಿಸುವುದು ಪಾಪ. ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ, ಗಜ್ಜರಿ, ಶೇಂಗಾ ಪುಡಿ, ಲಿಂಬೆರಸ ಬೆರೆಸಿ ಪಚಡಿ ಮಾಡಿ. ಉಪ್ಪು ಮಾತ್ರ ರೊಟ್ಟಿ ತಟ್ಟೆಗೆ ಬಿದ್ದ ಮೇಲೆ, ಇಲ್ಲದಿದ್ದರೆ ನೀರೊಡೆಯುತ್ತದೆ.

ಎಣ್ಣೆಗಾಯಿಗೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಕೋಳಿಮೊಟ್ಟೆ ಗಾತ್ರದ ಎಂಟು ಬದನೆಕಾಯಿಗೆ ಹುರಿದ ಶೇಂಗಾ ಪುಡಿ ಮೂರು ಚಮಚ, ಗುರೆಳ್ಳು ಪುಡಿ ಎರಡು, ಒಣಕೊಬ್ಬರಿ ಎರಡು, ಮಸಾಲೆ ಖಾರ ಒಂದೂವರೆ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಅದರರ್ಧ ಬೆಲ್ಲ, ಉಪ್ಪು. ತೊಟ್ಟು ಬಿಡದೆ ನಾಲ್ಕು ಸೀಳು ಮಾಡಿ ತುಂಬಿ. ಸಂತೆಯ ಕಾಯಿಗೆ ಒಂದೂವರೆ ಲೋಟ ನೀರು ಹಾಕುವವರು ಪೆಟ್ಟಿಗೆಯ ಕಾಯಿಗೆ ಮುಕ್ಕಾಲು ಲೋಟಕ್ಕೆ ನಿಲ್ಲಬೇಕು. ಎಳಸು ಕಾಯಿ, ತನ್ನ ನೀರು ತಾನೇ ಬಿಡುತ್ತದೆ. ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷಕ್ಕೆ ತೊಟ್ಟು ಒತ್ತಿ ನೋಡಿ, ಇಪ್ಪತ್ತಕ್ಕೆ ಬಿಟ್ಟರೆ ಕಾಯಿ ಕರಗಿ ಬರೀ ಗೊಜ್ಜು.

ಮೆಣಸಿನಕಾಯಿಯಲ್ಲಿ ಪೆಟ್ಟಿಗೆ ಸ್ವಲ್ಪ ಸೋಲುತ್ತದೆ. ನೀರಿನ ಕೊರತೆ ಕಂಡ ಗಿಡದಲ್ಲೇ ಖಾರ ಏರುವುದು. ಸದಾ ತೇವದಲ್ಲಿರುವ ಗಿಡ ದಪ್ಪ, ಹೊಳೆಯುವ, ಮೆತ್ತನೆಯ ಖಾರದ ಕಾಯಿ ಕೊಡುತ್ತದೆ. ಹೀಗಾಗಿ ಮಿರ್ಚಿ-ಭಜಿಗೆ ಚೆಂದ, ಹಸಿಖಾರಕ್ಕೆ ಸಪ್ಪೆ. ಬ್ಯಾಡಗಿ ತಳಿ ಮೊದಲೇ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ, ಅದನ್ನು ಹಾಕಿದರೆ ನಷ್ಟ ಕಡಿಮೆ. ಇನ್ನೊಂದು: ಮೇಲಿನಿಂದ ನೀರು ಬೀಳದ ಕಾರಣ ಎಲೆಯಡಿಯ ನುಸಿ ಕೊಚ್ಚಿಹೋಗುವುದಿಲ್ಲ, ಎಲೆ ಮುರುಟುತ್ತದೆ. ವಾರಕ್ಕೆರಡು ಸಲ ಬೆಳಿಗ್ಗೆ ಎಲೆಯ ಕೆಳಬದಿಗೆ ಬರೀ ನೀರನ್ನೇ ಜೋರಾಗಿ ಸಿಂಪಡಿಸಿ.

ರಂಜಕ (ಕೆಂಪು ಮೆಣಸಿನಹಣ್ಣಿನ ಚಟ್ನಿ) ಮಾಡುವ ಮನಸ್ಸಿದ್ದರೆ, ನಾಲ್ಕು ಗಿಡದಿಂದ ಒಂದೇ ಸಲಕ್ಕೆ ಅರ್ಧ ಕಿಲೋ ಹಣ್ಣು ಬರುವುದಿಲ್ಲ, ಕಾಲು ಕಿಲೋ ಅಳತೆಗೇ ಇಳಿಯಿರಿ. ಕಾಯಿ ಕೆಂಪಾಗತೊಡಗಿದಾಗ ನಾಲ್ಕೈದು ದಿನ ಟಾಕಿ ಬರಿದಿಟ್ಟು, ಎಲೆ ತುಸು ಜೋತಾಗ ಮಾತ್ರ ಒಂದು ಲೀಟರ್ ಕೊಡಿ. ಕೊಯ್ದ ಹಣ್ಣನ್ನು ತೊಳೆದು, ಒರೆಸಿ, ಬಟ್ಟೆಯ ಮೇಲೆ ಒಂದು ದಿನ ಪೂರ್ತಿ ಆರಲಿ. ಪೆಟ್ಟಿಗೆಯ ಕಾಯಿಯಲ್ಲಿ ನೀರಂಶ ಹೆಚ್ಚು, ಇಲ್ಲಿ ಅವಸರ ಮಾಡಿದರೆ ಬೂಸು ಖಂಡಿತ. 50 ಗ್ರಾಂ ಉಪ್ಪು, ಒಂದು ಗಡ್ಡೆ ಬಳ್ಳೊಳ್ಳಿ, ಹುರಿದ ಮೆಂತ್ಯದ ಪುಡಿ ಅರ್ಧ ಚಮಚ, ಮೂರು ಲಿಂಬೆಯ ರಸ, ಸಣ್ಣ ತುಂಡು ಬೆಲ್ಲ ಹಾಕಿ ನೀರು ಮುಟ್ಟಿಸದೆ ರುಬ್ಬಿ. ಭರಣಿಯಲ್ಲಿ ಮೂರು ದಿನ ಇಟ್ಟು, ದಿನಕ್ಕೊಮ್ಮೆ ಒಣ ಚಮಚದಿಂದ ತಿರುವಿ, ನಾಲ್ಕನೆಯ ದಿನ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಬಡಿಸಿ.