ಬೇವಿನೆಣ್ಣೆ, ಲೋಷನ್, ಸೀರಣಿಗೆ: ಇಬ್ಬರು ಮಕ್ಕಳ ತಲೆಯಲ್ಲಿ ನಾನು ಕಂಡಿದ್ದು

ದಸರಾ ರಜೆ ಮುಗಿಸಿ ಅಜ್ಜಿ ಮನೆಯಿಂದ ಬಂದ ಇಬ್ಬರು ಹೆಣ್ಣುಮಕ್ಕಳೂ ಪರಪರ ಅಂತ ತಲೆ ಕೆರೆದುಕೊಳ್ಳುತ್ತಿದ್ದರು. ಬಿಸಿಲಿಗೆ ಕೂರಿಸಿ ನೋಡಿದರೆ ಕಿವಿ ಹಿಂದೆ, ಕತ್ತಿನ ಮೇಲೆ ಬರೀ ಸೀರು, ಅಂದರೆ ಹೇನಿನ ಮೊಟ್ಟೆ. ಹೊಟ್ಟಾದರೆ ಕೊಡವಿದರೆ ಉದುರುತ್ತದೆ. ಸೀರು ಕೂದಲಿಗೆ ಅಂಟಿಕೊಂಡೇ ಇರುತ್ತದೆ. ಪಕ್ಕದ ಮನೆಯವರು "ತಲೆ ತೊಳೆಯಲ್ವಾ?" ಎಂದಿದ್ದಕ್ಕೆ ದೊಡ್ಡವಳು ಅತ್ತೇಬಿಟ್ಟಳು. ಹೇನಿಗೂ ಕೊಳಕಿಗೂ ಸಂಬಂಧವೇ ಇಲ್ಲ. ಅದು ಹಾರುವುದಿಲ್ಲ, ನೆಗೆಯುವುದಿಲ್ಲ. ಒಂದೇ ಚಾಪೆಯಲ್ಲಿ ತಲೆಗೆ ತಲೆ ತಾಗಿಸಿ ಮಲಗಿದರೆ ಹರಿದು ಬರುತ್ತದೆ, ಅಷ್ಟೆ.

ಮೊದಲು ಅತ್ತೆ ಹೇಳಿದಂತೆ ಬೇವಿನೆಣ್ಣೆ. ಮೂರು ರಾತ್ರಿ ಹಚ್ಚಿದೆ. ದಿಂಬೆಲ್ಲ ಜಿಡ್ಡು, ಆ ವಾಸನೆಗೆ ಚಿಕ್ಕವಳು ಊಟವನ್ನೇ ಬಿಟ್ಟಳು. ನಾಲ್ಕನೇ ದಿನವೂ ಜೀವಂತ ಹೇನು ಸಿಕ್ಕವು. ಸೀತಾಫಲದ ಬೀಜ ಅರೆದು ಹಚ್ಚು ಎಂದೂ ಅತ್ತೆ ಹೇಳಿದರು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಅದು ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆ ಸುಟ್ಟ ಹಾಗಾಗುತ್ತದೆ. ಸೀಮೆಎಣ್ಣೆಯಂತೂ ಬೇಡವೇ ಬೇಡ.

ಆಮೇಲೆ ಒಂದೇ ದಿನ ಎರಡು ದಾರಿ ಹಿಡಿದೆ. ದೊಡ್ಡವಳಿಗೆ ಹತ್ತು ವರ್ಷ, ಸೊಂಟದವರೆಗೆ ಕೂದಲು. ಅವಳಿಗೆ ಔಷಧಿ ಅಂಗಡಿಯಿಂದ 1% ಪರ್ಮೆಥ್ರಿನ್ ಲೋಷನ್ ತಂದೆ. ಕಂಡೀಷನರ್ ಹಾಕದೆ ತಲೆ ತೊಳೆದು, ಒರೆಸಿ, ಹಚ್ಚಿ, 10 ನಿಮಿಷ ಬಿಟ್ಟು ತೊಳೆದೆ. ಓಡಾಡುವ ಹೇನು ಅವತ್ತೇ ಕಡಿಮೆಯಾದವು. ಆದರೆ ಸೀರೆಲ್ಲ ಇದರಿಂದ ಸಾಯುವುದಿಲ್ಲ. ಮೊಟ್ಟೆ ಒಡೆಯಲು 7ರಿಂದ 10 ದಿನ ಬೇಕು. ಅದಕ್ಕೇ 9ನೇ ದಿನ ಮತ್ತೆ ಹಚ್ಚಲೇಬೇಕು. ಒಂದೇ ಸಲಕ್ಕೆ ನಿಲ್ಲಿಸಿ "ಲೋಷನ್ ಕೆಲಸ ಮಾಡಲ್ಲ" ಎನ್ನುವವರೇ ಜಾಸ್ತಿ.

ಆರು ವರ್ಷದ ಚಿಕ್ಕವಳಿಗೆ ಬರೀ ಸೀರಣಿಗೆ. ಜಾತ್ರೆಯಲ್ಲಿ ತಂದಿದ್ದ ಮರದ್ದರಲ್ಲಿ ಹಲ್ಲು ಅಗಲ, ಸೀರು ನುಸುಳಿಕೊಂಡು ಉಳಿಯುತ್ತಿತ್ತು. ಉದ್ದ ಹಲ್ಲಿನ ಸ್ಟೀಲಿನದು ತಂದ ಮೇಲೆ ಕೆಲಸ ಸಾಗಿತು. ಒದ್ದೆ ಕೂದಲಿಗೆ ಕಂಡೀಷನರ್ ಧಾರಾಳವಾಗಿ ಹಚ್ಚಿದರೆ ಹೇನು ಅಲುಗಾಡದೆ ನಿಲ್ಲುತ್ತದೆ. ಬುಡದಿಂದ ತುದಿವರೆಗೆ ಒಂದೊಂದೇ ಎಳೆ ಬಾಚಿ, ಪ್ರತಿ ಸಲ ಅಪ್ಪನ ಹಳೇ ಬಿಳಿ ಪಂಚೆಗೆ ಒರೆಸಿದೆ. ಮೊದಲ ದಿನ ಎಳ್ಳಿನ ಹಾಗೆ 23 ಹೇನು! ಅವಳೇ ಎಣಿಸಿದಳು. ಮೂರು ದಿನಕ್ಕೊಮ್ಮೆ, ಪ್ರತಿ ಸಲ ಮುಕ್ಕಾಲು ಗಂಟೆ. ಎರಡನೇ ವಾರ ಮುಗಿಯುವಾಗ ಪಂಚೆ ಬೆಳ್ಳಗೇ ಉಳಿಯಿತು.

ಎರಡರಲ್ಲಿ ಯಾವುದು? ಚಿಕ್ಕ ಕೂದಲು, ಕೂರುವ ತಾಳ್ಮೆ ಇರುವ ಮಗುವಾದರೆ ನಾನು ಸೀರಣಿಗೆಯನ್ನೇ ಆರಿಸುತ್ತೇನೆ. ಉದ್ದ, ದಟ್ಟ ಕೂದಲಿಗೆ ಲೋಷನ್ ಬೇಕೇ ಬೇಕು, ಜೊತೆಗೆ ಸೀರಣಿಗೆಯೂ ಬೇಕು. ದೊಡ್ಡವಳ ತಲೆಯಲ್ಲಿ ಕೊನೆಗೆ ಉಳಿದ ಸೀರನ್ನೆಲ್ಲ ತೆಗೆದದ್ದು ಅದೇ ಸ್ಟೀಲಿನ ಹಣಿಗೆ.

ಹಾಸಿಗೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದರೆ ಸಾಕು. ತಲೆಯಿಂದ ಕೆಳಗೆ ಬಿದ್ದ ಹೇನು ಒಂದೆರಡು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಊರಲ್ಲಿರುವ ಅತ್ತಿಗೆಗೂ ಫೋನ್ ಮಾಡಿ, ಅಲ್ಲಿನ ಮಕ್ಕಳ ತಲೆ ನೋಡಿ ಎಂದಿದ್ದೇನೆ. ಸಂಕ್ರಾಂತಿಗೆ ಹೋದಾಗ ಮತ್ತೆ ಅದೇ ಚಾಪೆ ಅಲ್ವಾ?